ಎಲ್ಲ ನಿಧಾನವೂ ಒಂದೇ ಅಲ್ಲ

ಜಪಾನಿನ ಕಾರ್ಟೂನು ಅಂದ ಕೂಡಲೇ ಚೂಪು ಕೂದಲಿನ ಹುಡುಗರು, ಕೈಯಿಂದ ಚಿಮ್ಮುವ ಬೆಂಕಿ, ಅರ್ಧ ಗಂಟೆ ಹೊಡೆದಾಟ... ಇಷ್ಟೇ ಅಂತ ನಮ್ಮಲ್ಲಿ ಬಹಳ ಜನರ ಅಭಿಪ್ರಾಯ. ಶಿಕ್ಷಕರದ್ದೂ ಅದೇ, ಪಾಲಕರದ್ದೂ ಅದೇ. ಆದರೆ ನನ್ನ ವಯಸ್ಸಿನವರು ಜಪಾನಿ ಕಾರ್ಟೂನು ನೋಡಿಕೊಂಡೇ ಬೆಳೆದವರು. ಅದು ಜಪಾನಿನದು ಅಂತ ಗೊತ್ತಿರಲಿಲ್ಲ, ಅಷ್ಟೆ. 1993ರಲ್ಲಿ ದೂರದರ್ಶನದಲ್ಲಿ ಬರುತ್ತಿದ್ದ ಮೋಗ್ಲಿಯ ಕಥೆ ನೆನಪಿದೆಯಲ್ಲ? ಅದನ್ನು ತಯಾರಿಸಿದ್ದು ನಿಪ್ಪಾನ್ ಅನಿಮೇಷನ್ ಎಂಬ ಜಪಾನಿ ಸಂಸ್ಥೆ. ಹಿಂದಿ ಹಾಡು ಮಾತ್ರ ನಮ್ಮ ಗುಲ್ಜಾರರದು.

ಇವತ್ತು ಹೇಳಹೊರಟಿರುವುದು ಹೊಡೆದಾಟದ ಅನಿಮೆ ಬಗ್ಗೆ ಅಲ್ಲ. ಅನಿಮೆಯಲ್ಲಿ ಇನ್ನೊಂದು ಜಾತಿ ಇದೆ. ನೋಡುತ್ತಾ ಕೂತರೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಒಬ್ಬ ಹುಡುಗ ಒಬ್ಬ ಹುಡುಗಿಗೆ ಒಂದೇ ಒಂದು ಮಾತು ಹೇಳಬೇಕು. ಅದಕ್ಕೆ ನೂರು ಕಂತು! ನಡುವೆ ಮಳೆ ಬರುತ್ತದೆ, ಪರೀಕ್ಷೆ ಬರುತ್ತದೆ, ಚಳಿಗಾಲ ಬರುತ್ತದೆ, ಯಾರೋ ಅಡುಗೆ ಮಾಡುತ್ತಾರೆ, ಮಾತು ಮಾತ್ರ ಬಾಯಿಂದ ಹೊರಗೆ ಬರುವುದಿಲ್ಲ. ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಹಿಂದಿನ ಇಂಥ ನಿಧಾನ ಪ್ರೇಮಕಥೆಗಳನ್ನು ಈಗ ಮತ್ತೆ ಜನ ಹುಡುಕಿ ನೋಡುತ್ತಿದ್ದಾರೆ.

ಹತ್ತನೇ ತರಗತಿಯ ಹುಡುಗರಿಗೆ ಹೆಸರು ಹೇಳಿ ನೋಡಿ. "ಭಾಳ ಸ್ಲೋ ಐತ್ರೀ ಸರ" ಅಂತಾರೆ. ನೋಡಿದರೂ ಮೊಬೈಲಿನಲ್ಲಿ ಒಂದೂವರೆ ಪಟ್ಟು ವೇಗಕ್ಕೆ ಇಟ್ಟು ಓಡಿಸುತ್ತಾರೆ. ಇನ್ನೊಂದು ಕಡೆ ಹಳೆಯದನ್ನು ಆರಾಧಿಸುವವರು ಇದ್ದಾರೆ. ಅವರ ಪ್ರಕಾರ ನಿಧಾನ ಅಂದರೇನೇ ಶ್ರೇಷ್ಠ, ಈಗಿನದೆಲ್ಲ ಬರೀ ಅವಸರ. ನನಗೆ ಎರಡೂ ಒಪ್ಪಿಗೆಯಿಲ್ಲ. ನಿಧಾನ ಅನ್ನುವುದು ತಾನಾಗಿಯೇ ಗುಣವೂ ಅಲ್ಲ, ದೋಷವೂ ಅಲ್ಲ. ಒಂದು ಪ್ರೇಮಕಥೆ ತಡವಾಗುತ್ತಾ ಹೋದಾಗ ನಾವು ಎರಡು ಪ್ರಶ್ನೆ ಕೇಳಬೇಕು. ಈ ತಡದಲ್ಲಿ ಬೆಳೆಯುತ್ತಿರುವವರು ಯಾರು? ಈ ತಡದ ಬೆಲೆ ಕಟ್ಟುತ್ತಿರುವವರು ಯಾರು?

ಈ ಎರಡು ಪ್ರಶ್ನೆ ಹಿಡಿದು ಐದು ಕಥೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡೋಣ.

*

ಮೊದಲನೆಯದು 'ಮೆಜೋನ್ ಇಕ್ಕೊಕು'. ರುಮಿಕೊ ತಾಕಾಹಾಶಿ ಎಂಬ ಲೇಖಕಿ 1980ರಿಂದ 1987ರವರೆಗೆ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದ ಚಿತ್ರಕಥೆ. ಟೀವಿಯಲ್ಲಿ 1986ರ ಮಾರ್ಚಿನಿಂದ 1988ರ ಮಾರ್ಚಿನವರೆಗೆ ಒಟ್ಟು 96 ಕಂತು ಬಂತು. ಇಕ್ಕೊಕು ಅನ್ನುವುದು ಒಂದು ಹಳೆಯ ಮರದ ಕಟ್ಟಡದ ಹೆಸರು. ನಮ್ಮ ಸೊಲ್ಲಾಪುರದ ಚಾಳ ಇದ್ದ ಹಾಗೆ ಅಂದುಕೊಳ್ಳಿ. ತೆಳು ಗೋಡೆ, ಒಬ್ಬರ ಕೋಣೆಯ ಮಾತು ಇನ್ನೊಬ್ಬರಿಗೆ ಕೇಳುತ್ತದೆ. ಯಾರ ಬದುಕೂ ಗುಟ್ಟಲ್ಲ.

ಐದನೇ ನಂಬರಿನ ಕೋಣೆಯಲ್ಲಿ ಗೊದಾಯ್ ಎಂಬ ಹುಡುಗ. ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಫೇಲಾಗಿ ಮತ್ತೆ ಓದುತ್ತಿದ್ದಾನೆ. ಜಪಾನಿನಲ್ಲಿ ಇಂಥವರಿಗೆ ರೋನಿನ್ ಅಂತಾರೆ. ಒಡೆಯನಿಲ್ಲದ ಸಮುರಾಯಿಗೆ ಇದ್ದ ಹೆಸರು ಅದು. ಕಟ್ಟಡ ನೋಡಿಕೊಳ್ಳಲು ಹೊಸದಾಗಿ ಬರುವವಳು ಕ್ಯೋಕೊ. ಅವನಿಗಿಂತ ಎರಡು ವರ್ಷ ದೊಡ್ಡವಳು, ವಿಧವೆ. ಹೈಸ್ಕೂಲಿನಲ್ಲಿ ತನಗೆ ಪಾಠ ಮಾಡಿದವನನ್ನೇ ಪ್ರೀತಿಸಿ ಮದುವೆಯಾದವಳು. ಮದುವೆಯಾಗಿ ಆರು ತಿಂಗಳಿಗೆ ಗಂಡ ತೀರಿಕೊಂಡ. ದುಃಖದಲ್ಲಿ ಮುಳುಗಿದ ಸೊಸೆಗೆ ಏನಾದರೂ ಕೆಲಸ ಇರಲಿ ಅಂತ ಮಾವನೇ ಈ ಕಟ್ಟಡದ ಉಸ್ತುವಾರಿ ಕೊಟ್ಟಿದ್ದಾನೆ. ಸಾಕಿದ ನಾಯಿಗೂ ಸತ್ತ ಗಂಡನದ್ದೇ ಹೆಸರು, ಸೋಯಿಚಿರೊ. ಆ ಗಂಡನ ಮುಖವನ್ನು ಕಥೆ ನಮಗೆ ಕೊನೆಯವರೆಗೂ ತೋರಿಸುವುದಿಲ್ಲ. ನಿಜವಾದ ಪ್ರತಿಸ್ಪರ್ಧಿ ಟೆನಿಸ್ ಕಲಿಸುವ ಮಿತಾಕಾ ಅಲ್ಲ, ಈ ಮುಖವಿಲ್ಲದ ಮನುಷ್ಯ.

ಮಕ್ಕಳಿಗೆ ಹೇಳಿದರೆ ಖುಷಿಪಡುವ ಒಂದು ವಿಷಯ: ಇಲ್ಲಿನ ಮುಖ್ಯ ಪಾತ್ರಗಳ ಮನೆತನದ ಹೆಸರಿನೊಳಗೆ ಒಂದೊಂದು ಅಂಕಿ ಅಡಗಿದೆ. ಇಚಿನೊಸೆಯಲ್ಲಿ ಒಂದು, ಮಿತಾಕಾದಲ್ಲಿ ಮೂರು, ಯೋತ್ಸುಯಾದಲ್ಲಿ ನಾಲ್ಕು, ಗೊದಾಯ್‌ನಲ್ಲಿ ಐದು, ರೊಪ್ಪೊಂಗಿಯಲ್ಲಿ ಆರು. ಕ್ಯೋಕೊಳ ಮನೆತನ ಒತೊನಾಶಿ, ಅದು ಸೊನ್ನೆಯ ಲೆಕ್ಕಕ್ಕೆ. ಎಣಿಕೆ ಅಲ್ಲಿಂದ ಶುರು.

ಇಡೀ ಕಟ್ಟಡಕ್ಕೆ ಒಂದೇ ಫೋನು. ಗೊದಾಯ್‌ಗೆ ಬೇರೆ ಹುಡುಗಿಯ ಕರೆ ಬಂದರೆ ಎತ್ತುವವಳು ಕ್ಯೋಕೊ. ಅದರಿಂದ ಎಷ್ಟೋ ಅಪಾರ್ಥ. ಮೊಬೈಲ್ ಇದ್ದಿದ್ದರೆ ಈ ಕಥೆ ಇಪ್ಪತ್ತು ಕಂತಿಗೇ ಮುಗಿಯುತ್ತಿತ್ತು ಅಂತ ಕೆಲವರು ತಮಾಷೆ ಮಾಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಮೊಬೈಲ್ ಇದ್ದಿದ್ದರೆ ಅಪಾರ್ಥಗಳು ಕಡಿಮೆಯಾಗುತ್ತಿದ್ದವು, ನಿಜ. ಆದರೆ ಕ್ಯೋಕೊಳ ದುಃಖ ಬೇಗ ಮುಗಿಯುತ್ತಿತ್ತೆ? ಗೊದಾಯ್‌ಗೆ ನೌಕರಿ ಬೇಗ ಸಿಗುತ್ತಿತ್ತೆ?

ಕಥೆ ತಡವಾಗುವುದು ಈ ಎರಡು ಕಾರಣಕ್ಕೆ. ಅವಳಿಗೆ ಸತ್ತವನನ್ನು ಮರೆಯದೆಯೇ ಮುಂದೆ ಬದುಕುವುದು ಹೇಗೆ ಅಂತ ಗೊತ್ತಾಗಬೇಕು. ಅವನಿಗೆ ಒಂದು ಹೊಟ್ಟೆಪಾಡು ಬೇಕು. ಅವನು ಕಾಲೇಜು ಸೇರುತ್ತಾನೆ. ಕ್ಯೋಕೊ ಓದಿದ ಹುಡುಗಿಯರ ಶಾಲೆಗೇ ಅಭ್ಯಾಸ ಪಾಠಕ್ಕೆ ಹೋಗುತ್ತಾನೆ. ನಾವೆಲ್ಲ ಟೀಸಿಎಚ್, ಡಿಎಡ್ ಮಾಡುವಾಗ ನಡುಗುತ್ತಾ ಪಾಠ ಕೊಟ್ಟ ಹಾಗೇ. ಓದು ಮುಗಿಸಿ ಕೆಲಸ ಸಿಕ್ಕಿತು ಅನ್ನುವಷ್ಟರಲ್ಲಿ ಆ ಕಂಪನಿಯೇ ದಿವಾಳಿ. ಆಮೇಲೆ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರುತ್ತಾನೆ. ಅದೇ ತನಗೆ ಒಗ್ಗುವ ಕೆಲಸ ಅಂತ ಗೊತ್ತಾಗಿ, ಓದಿ, ಪರೀಕ್ಷೆ ಪಾಸಾಗಿ ಶಿಶುವಿಹಾರದ ಶಿಕ್ಷಕನಾಗುತ್ತಾನೆ. ಮೊದಲ ಕಂತಿನ ಗೊದಾಯ್ ಕ್ಯೋಕೊಳನ್ನು ಕೇಳಿದ್ದರೆ, ಅವಳು ಹೂಂ ಅಂದಿದ್ದರೂ, ಅದು ಮುರಿದು ಬೀಳುತ್ತಿತ್ತು. ಕೊನೆಯ ಕಂತಿನವನು ಬೇರೆಯೇ ಮನುಷ್ಯ.

ಕೊನೆಗೆ ಅವನು ಸೋಯಿಚಿರೊನ ಸಮಾಧಿಯ ಮುಂದೆ ನಿಂತು ಮಾತಾಡುತ್ತಾನೆ. ಅವಳ ಮನಸ್ಸಿನಲ್ಲಿ ನೀವು ಮೊದಲಿಂದಲೂ ಇದ್ದೀರಿ, ನಿಮ್ಮನ್ನೂ ಸೇರಿಸಿಯೇ ಅವಳನ್ನು ಸ್ವೀಕರಿಸುತ್ತೇನೆ ಅನ್ನುವ ಅರ್ಥದ ಮಾತು. ಕ್ಯೋಕೊ ಇಡುವ ಷರತ್ತು ಒಂದೇ, ತನಗಿಂತ ಒಂದು ದಿನವಾದರೂ ಹೆಚ್ಚು ಬದುಕಬೇಕು. ಒಮ್ಮೆ ವಿಧವೆಯಾದವಳು ಇನ್ನೇನು ಕೇಳಬೇಕು ಹೇಳಿ! ವಿಧವಾ ವಿವಾಹದ ಬಗ್ಗೆ ನಾವು ಎಷ್ಟೋ ಭಾಷಣ ಕೇಳಿದ್ದೇವೆ. ಭಾಷಣವೇ ಇಲ್ಲದೆ, ಮಾವನನ್ನೂ ಒಳ್ಳೆಯವನಾಗಿಯೇ ಇಟ್ಟು, ಸತ್ತ ಗಂಡನಿಗೂ ಮರ್ಯಾದೆ ಕೊಟ್ಟು ಇಷ್ಟು ಚೆನ್ನಾಗಿ ಹೇಳಿದ ಕಥೆ ಅಪರೂಪ.

ಬೆಲೆ ಕಟ್ಟಿದವರು ಇಲ್ಲವೆ? ಇದ್ದಾರೆ. ಕೊಜುಎ ಎಂಬ ಹುಡುಗಿಗೆ ಗೊದಾಯ್ ವರ್ಷಗಟ್ಟಲೆ ನೇರವಾಗಿ ಇಲ್ಲ ಅನ್ನುವುದೇ ಇಲ್ಲ. ಕೊನೆಗೆ ಅವಳೇ ಬೇರೆಯವನನ್ನು ಮದುವೆಯಾಗುತ್ತಾಳೆ. ಕುಡಿತದ ಗಲಾಟೆ, ಹೆಣ್ಣುಮಕ್ಕಳ ಮೇಲಿನ ಅಗ್ಗದ ನಗೆಚಾಟಿಕೆ ಕೂಡ ಇವೆ. ಇವನ್ನು ಹಳೆಯ ಕಾಲ ಅಂತ ಮುಚ್ಚಿಹಾಕಬಾರದು.

*

ಅದೇ ಹೊತ್ತಿನ ಇನ್ನೊಂದು ಕಥೆ 'ಕಿಮಾಗುರೆ ಆರೆಂಜ್ ರೋಡ್'. ಇಝುಮಿ ಮಾತ್ಸುಮೊತೊ ಬರೆದದ್ದು, ಟೀವಿಯಲ್ಲಿ 1987ರಿಂದ 1988ರವರೆಗೆ 48 ಕಂತು. ಹಳೆಯ ಅನಿಮೆ ಪ್ರೇಮಕಥೆಗಳ ಯಾವ ಪಟ್ಟಿಯಲ್ಲೂ ಇವೆರಡೂ ಜೊತೆಜೊತೆಗೇ ಬರುತ್ತವೆ. ಎರಡೂ ನಿಧಾನ, ಎರಡರಲ್ಲೂ ಮಾತು ಹೊರಬೀಳದ ಹುಡುಗ. ಆದರೆ ಇಲ್ಲಿನ ನಿಧಾನ ಬೇರೆ.

ಕಾಸುಗಾ ಕ್ಯೋಸುಕೆಗೆ ಹುಟ್ಟಿನಿಂದ ವಿಚಿತ್ರ ಶಕ್ತಿಗಳಿವೆ. ಮುಟ್ಟದೆ ವಸ್ತು ಸರಿಸಬಲ್ಲ, ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಇನ್ನೊಂದು ಜಾಗಕ್ಕೆ ಹೋಗಬಲ್ಲ, ಕಾಲದಲ್ಲಿ ಹಿಂದೆಯೂ ಹೋಗಿಬಿಡುತ್ತಾನೆ. ಊರಿಗೆ ಬಂದ ದಿನ ಉದ್ದನೆಯ ಮೆಟ್ಟಿಲು ಎಣಿಸುತ್ತಾ ಹತ್ತುವಾಗ ಕೆಂಪು ಹುಲ್ಲುಟೋಪಿಯೊಂದನ್ನು ಹಿಡಿದುಕೊಡುತ್ತಾನೆ. ಟೋಪಿ ಮಾದೊಕಾಳದು. ಮೆಟ್ಟಿಲು ನೂರೋ ತೊಂಬತ್ತೊಂಬತ್ತೋ ಅಂತ ಇಬ್ಬರಿಗೂ ವಾದ. ಮನಸ್ಸು ಅಲ್ಲೇ ಹೋಯಿತು. ಆದರೆ ಮಾದೊಕಾಳ ಆಪ್ತ ಗೆಳತಿ, ವಯಸ್ಸಿನಲ್ಲಿ ಕಿರಿಯಳಾದ ಹಿಕಾರು, ಇವನನ್ನು ತನ್ನವನು ಅಂತ ಬಾಯಿಬಿಟ್ಟು ಹೇಳಿಕೊಂಡು ಓಡಾಡುತ್ತಾಳೆ. ಅವಳಿಗೆ ನೋವಾಗಬಾರದು ಅಂತ ಮಾದೊಕಾ ಸುಮ್ಮನೆ. ಯಾರಿಗೂ ನೋವಾಗಬಾರದು ಅಂತ ಕ್ಯೋಸುಕೆಯೂ ಸುಮ್ಮನೆ.

ಕಾಲವನ್ನೇ ದಾಟಬಲ್ಲ ಹುಡುಗನಿಗೆ ಒಂದು ವಾಕ್ಯ ದಾಟಲು ಆಗುವುದಿಲ್ಲ. ತಮಾಷೆ ಅದರಲ್ಲೇ ಇದೆ, ಕಥೆಯ ತೊಡಕೂ ಅದರಲ್ಲೇ ಇದೆ. ವಾರವಾರ ಹೊಸ ಅಪಾರ್ಥ, ವಾರವಾರ ಅದು ಬಗೆಹರಿದು ಎಲ್ಲರೂ ಹೊರಟ ಜಾಗಕ್ಕೇ ವಾಪಸು. ಸಂಗೀತ ಚೆನ್ನ, ಬೇಸಿಗೆಯ ಬಣ್ಣ ಚೆನ್ನ, ಮಾದೊಕಾ ಅಂತೂ ಆ ಪೀಳಿಗೆಯ ಹುಡುಗರು ಮರೆಯದ ಪಾತ್ರ. ಆದರೆ ಬೆಳೆದವರು ಯಾರು? ಟೀವಿ ಧಾರಾವಾಹಿಯ ಮಟ್ಟಿಗೆ ಯಾರೂ ಇಲ್ಲ ಅಂತಲೇ ನನ್ನ ಉತ್ತರ.

ಲೆಕ್ಕ ಚುಕ್ತಾ ಆದದ್ದು 1988ರ ಸಿನಿಮಾದಲ್ಲಿ. ನಿರ್ದೇಶಕ ತೊಮೊಮಿ ಮೊಚಿಝುಕಿ. ಅದರಲ್ಲಿ ವಿಚಿತ್ರ ಶಕ್ತಿಗಳ ಆಟ ಇಲ್ಲ. ಕಾಲೇಜು ಪ್ರವೇಶ ಪರೀಕ್ಷೆಯ ತಯಾರಿ, ಬೇಸಿಗೆ, ಮೂರು ಜನ. ಕ್ಯೋಸುಕೆ ಕೊನೆಗೂ ತೀರ್ಮಾನ ಮಾಡಿ ಹಿಕಾರುವನ್ನು ದೂರ ಮಾಡುತ್ತಾನೆ. ಆ ಹುಡುಗಿ ಒಪ್ಪಿಕೊಳ್ಳುವುದಿಲ್ಲ, ಅಳುತ್ತಾಳೆ, ಮತ್ತೆ ಬರುತ್ತಾಳೆ. ನೋಡುವುದೇ ಕಷ್ಟ. 48 ಕಂತು ನಾವು ನಕ್ಕ ನಗುವಿಗೆಲ್ಲ ಅವಳೊಬ್ಬಳೇ ಬಿಲ್ಲು ಕಟ್ಟಿದ ಹಾಗೆ. ಈ ಸಿನಿಮಾ ಸಿಹಿಯನ್ನು ಕೆಡಿಸಿತು ಅಂತ ಬೇಸರಪಡುವವರಿದ್ದಾರೆ. ನನಗೆ ಇದೇ ಆ ಕಥೆಯ ಅತಿ ಪ್ರಾಮಾಣಿಕ ಭಾಗ. ನೋವಾಗಬಾರದು ಅಂತ ಮುಂದೂಡಿದ ಮಾತು ಬಡ್ಡಿ ಸೇರಿಸಿಕೊಂಡು ಬರುತ್ತದೆ ಅಂತ ಅದು ಹೇಳುತ್ತದೆ.

ಇಕ್ಕೊಕುವಿನದು ಕಾಯುವ ನಿಧಾನ, ಆರೆಂಜ್ ರೋಡಿನದು ಮುಂದೂಡುವ ನಿಧಾನ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

*

ಮೂರನೆಯದು 'ಟಚ್'. ಮಿತ್ಸುರು ಅದಾಚಿ 1981ರಿಂದ 1986ರವರೆಗೆ ಬರೆದದ್ದು. ಗಿಸಾಬುರೊ ಸುಗಿಯ ನಿರ್ದೇಶನದಲ್ಲಿ 1985ರಿಂದ 1987ರವರೆಗೆ 101 ಕಂತು. ಜಪಾನಿನಲ್ಲಿ ಮನೆಮಾತಾದ ಕಥೆ. ಅವಳಿ ಅಣ್ಣತಮ್ಮಂದಿರು ತಾತ್ಸುಯಾ, ಕಾಝುಯಾ. ಪಕ್ಕದ ಮನೆಯ ಹುಡುಗಿ ಮಿನಾಮಿ. ಎರಡು ಮನೆಯವರೂ ಸೇರಿ ಮೂವರಿಗೂ ಓದಲು ನಡುವೆ ಒಂದು ಕೋಣೆ ಕಟ್ಟಿಸಿದ್ದಾರೆ. ತಮ್ಮ ಕಾಝುಯಾ ಓದಿನಲ್ಲೂ ಬೇಸ್‌ಬಾಲಿನಲ್ಲೂ ಮುಂದೆ. ಅಣ್ಣ ಸೋಮಾರಿ. ಮಿನಾಮಿಗೆ ಚಿಕ್ಕಂದಿನಿಂದ ಒಂದೇ ಕನಸು, ತಮ್ಮ ಶಾಲೆಯ ತಂಡ ಕೊಶಿಯೆನ್‌ಗೆ ಹೋಗಬೇಕು. ಕೊಶಿಯೆನ್ ಅಂದರೆ ಹೈಸ್ಕೂಲು ಬೇಸ್‌ಬಾಲಿನ ರಾಷ್ಟ್ರೀಯ ಪಂದ್ಯಗಳು ನಡೆಯುವ ಕ್ರೀಡಾಂಗಣ. ಅಲ್ಲಿನ ಮಕ್ಕಳಿಗೆ ಅದು ದೊಡ್ಡ ಜಾತ್ರೆ.

ಪ್ರಾಂತದ ಫೈನಲ್ ದಿನ ಮೈದಾನಕ್ಕೆ ಹೊರಟ ಕಾಝುಯಾ ದಾರಿಯಲ್ಲಿ ಒಂದು ಮಗುವನ್ನು ಉಳಿಸಲು ಹೋಗಿ ಅಪಘಾತದಲ್ಲಿ ಸಾಯುತ್ತಾನೆ. ಆಮೇಲಿನ ಕಥೆ ಪೂರ್ತಿ ಸೋಮಾರಿ ಅಣ್ಣನದು. ಅವನು ತಮ್ಮನ ಜಾಗದಲ್ಲಿ ನಿಂತು ಚೆಂಡು ಎಸೆಯಬೇಕು. ಮಿನಾಮಿಯನ್ನು ಅವನೂ ಪ್ರೀತಿಸುತ್ತಾನೆ, ಅವಳಿಗೂ ಅವನೇ ಇಷ್ಟ. ಆದರೆ ಸತ್ತವನ ಜೊತೆ ಸ್ಪರ್ಧೆ ಹೇಗೆ? ಗೆದ್ದರೆ ತಮ್ಮನಿಂದ ಕಸಿದುಕೊಂಡ ಹಾಗೆ, ಸೋತರೆ ತಮ್ಮನ ಕನಸು ಮುರಿದ ಹಾಗೆ. ಅವನು ಮಾತಾಡದೇ ಇರುವುದು ಹೆದರಿಕೆಗಲ್ಲ, ಸಾಲ ತೀರಿಸದೆ ಮಾತಾಡುವ ಹಕ್ಕಿಲ್ಲ ಅನ್ನುವುದಕ್ಕೆ.

ಇಲ್ಲಿ ಮೌನ ಬಹಳ. ಆಕಾಶ, ಖಾಲಿ ಮೈದಾನ, ಜೀರುಂಡೆ ಸದ್ದು. ಒಂದೂವರೆ ಪಟ್ಟು ವೇಗದಲ್ಲಿ ನೋಡುವವರಿಗೆ ಇದು ವ್ಯರ್ಥ ಜಾಗ. ಮನೆಯಲ್ಲಿ ಒಬ್ಬರು ಸತ್ತ ಮೇಲಿನ ಮಧ್ಯಾಹ್ನ ಕಂಡವರಿಗೆ ಅದು ವ್ಯರ್ಥ ಅನ್ನಿಸುವುದಿಲ್ಲ.

ಬೆಳೆದವನು ತಾತ್ಸುಯಾ, ಖಂಡಿತ. ಆದರೆ ನನಗೊಂದು ತಕರಾರು ಇದೆ. ಕನಸು ಹುಡುಗಿಯದು, ಆಡುವವರು ಹುಡುಗರು, ಪ್ರಾಣವೂ ಹುಡುಗನದು. ಮಿನಾಮಿ ಆಮೇಲೆ ಜಿಮ್ನಾಸ್ಟಿಕ್ಸ್‌ನಲ್ಲಿ ದೊಡ್ಡ ಹೆಸರು ಮಾಡುತ್ತಾಳೆ, ನಿಜ. ಆದರೂ ಕಥೆಯ ದೃಷ್ಟಿ ಅವಳನ್ನು ಕಾಯುವವಳ ಜಾಗದಲ್ಲೇ ಕೂರಿಸುತ್ತದೆ. ಕ್ಯೋಕೊಳ ತಡ ಕ್ಯೋಕೊಳದ್ದೇ. ಮಿನಾಮಿಯ ತಡ ಇನ್ನೊಬ್ಬರದು.

*

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. 1991ರ ಸಿನಿಮಾ, 'ಒಮೊಹಿದೆ ಪೊರೊಪೊರೊ'. ಇಂಗ್ಲಿಷಿನಲ್ಲಿ 'ಓನ್ಲಿ ಯೆಸ್ಟರ್‌ಡೇ' ಅಂತಾರೆ. ಘಿಬ್ಲಿ ಸ್ಟುಡಿಯೋದ್ದು, ನಿರ್ದೇಶಕ ಇಸಾವೊ ತಾಕಾಹಾತಾ. ಅವರು 2018ರಲ್ಲಿ ತೀರಿಕೊಂಡರು. ಎರಡು ಗಂಟೆಯಷ್ಟೇ ಇರುವ ಸಿನಿಮಾ, ಆದರೂ ನೂರು ಕಂತಿನ ಕಥೆಗಳಿಗಿಂತ ನಿಧಾನ.

ಕಾಲ 1982. ತಾಯೆಕೊಗೆ 27 ವರ್ಷ, ಟೋಕಿಯೋದಲ್ಲಿ ಆಫೀಸಿನ ಕೆಲಸ, ಮದುವೆಯಾಗಿಲ್ಲ. ರಜೆ ಹಾಕಿ ಅಕ್ಕನ ಗಂಡನ ನೆಂಟರ ಊರಾದ ಯಮಗಾತಾಗೆ ರೈಲಿನಲ್ಲಿ ಹೊರಡುತ್ತಾಳೆ. ಹೊಲದಲ್ಲಿ ಕೆಲಸ ಮಾಡಲು! ದಾರಿಯುದ್ದಕ್ಕೂ 1966ರ ಐದನೇ ತರಗತಿಯ ತಾಯೆಕೊ ನೆನಪಾಗಿ ಜೊತೆಗೆ ಬರುತ್ತಾಳೆ.

ಆ ಹೊಲದ ಬೆಳೆ ಯಾವುದು ಗೊತ್ತೆ? ಕುಸುಬಿ. ನಮ್ಮ ಅಕ್ಕಲಕೋಟ, ಜತ್ತ, ಸೊಲ್ಲಾಪುರ ಕಡೆಯವರಿಗೆ ಹೇಳಬೇಕಾದ್ದೇ ಇಲ್ಲ. ಹಿಂಗಾರಿಯ ಬಿಳಿಜೋಳದ ಹೊಲದ ಸುತ್ತ ದನ ನುಗ್ಗದಿರಲಿ ಅಂತ ನಮ್ಮವರು ಹಾಕುವ ಮುಳ್ಳಿನ ಸಾಲು. ಮರಾಠಿಯಲ್ಲಿ ಕರಡಿ ಎಣ್ಣೆ ಅಂದಾಗ ನಮ್ಮ ಸಣ್ಣ ಮಕ್ಕಳು ಯಾವ ಕರಡಿಯದು ಅಂತ ನಗುವುದುಂಟು. ನಾವು ಬೀಜಕ್ಕೆ, ಎಣ್ಣೆಗೆ ಬೆಳೆಯುತ್ತೇವೆ. ಜಪಾನಿನ ಯಮಗಾತಾದವರು ಹೂವಿನ ಬಣ್ಣಕ್ಕೆ ಬೆಳೆಯುತ್ತಾರೆ. ಇಬ್ಬನಿಗೆ ಮುಳ್ಳು ಮೆತ್ತಗಿರುವಾಗ ನಸುಕಿನಲ್ಲೇ ಹೂ ಬಿಡಿಸಬೇಕು. ಹೂವಿನ ಹಳದಿ ನೀರಿಗೆ ಬೇಗ ಬಿಟ್ಟುಕೊಳ್ಳುತ್ತದೆ. ಕೆಂಪು ಇರುವುದೇ ಸ್ವಲ್ಪ, ಅದು ಸುಲಭಕ್ಕೆ ಬಿಡುವುದಿಲ್ಲ. ತೊಳೆದು, ಹುಳಿಹಿಡಿಸಿ, ಬಿಲ್ಲೆ ತಟ್ಟಿ ತೆಗೆಯಬೇಕು. ಹಿಂದೆ ಹೂ ಬಿಡಿಸಿದ ಬಡ ಹುಡುಗಿಯರ ಕೈ ಮುಳ್ಳಿಗೆ ಸೀಳುತ್ತಿತ್ತು, ಆ ಬಣ್ಣ ತುಟಿಗೆ ಹಚ್ಚಿಕೊಂಡವರು ಮಾತ್ರ ಬೇರೆ ಯಾರೋ ಅಂತ ಸಿನಿಮಾ ನೆನಪಿಸುತ್ತದೆ. ಪ್ರೇಮಕಥೆಯ ನಡುವೆ ಕೂಲಿಯ ಕಥೆ!

ಶಿಕ್ಷಕನಾಗಿ ನಾನು ಮತ್ತೆ ಮತ್ತೆ ನೋಡುವುದು ಭಿನ್ನರಾಶಿಯ ಭಾಗವನ್ನು. ಐದನೇ ತರಗತಿಯ ತಾಯೆಕೊಗೆ ಗಣಿತದಲ್ಲಿ ಬಹಳ ಕಡಿಮೆ ಅಂಕ ಬಂದಿವೆ. ಮೂರನೇ ಎರಡನ್ನು ನಾಲ್ಕನೇ ಒಂದರಿಂದ ಭಾಗಿಸು ಅಂದರೆ ಅವಳು ಸೇಬಿನ ಚಿತ್ರ ಬರೆಯುತ್ತಾಳೆ. ಸೇಬಿನ ಮೂರನೇ ಎರಡು ಭಾಗವನ್ನು ಕಾಲುಭಾಗದಿಂದ ಭಾಗಿಸುವುದು ಅಂದರೆ ಏನು? ಅಕ್ಕನಿಗೆ ಸಿಟ್ಟು. ತಿರುಗಿಸಿ ಗುಣಿಸಿದರೆ ಆಯಿತು, ಅಷ್ಟೇ ಅನ್ನುತ್ತಾಳೆ. ಉತ್ತರ ಮೂರನೇ ಎಂಟು, ಸರಿಯೇ. ಆದರೆ ಮೂರನೇ ಎರಡು ಭಾಗಿಸಿದ ಮೇಲೆ ದೊಡ್ಡದಾಗುವುದು ಹೇಗೆ ಅಂತ ಆ ಹುಡುಗಿಗೆ ಯಾರೂ ಹೇಳುವುದಿಲ್ಲ. ನಮ್ಮ ತರಗತಿಗಳಲ್ಲೂ ಇಂಥ ಮಗು ವರ್ಷಕ್ಕೊಂದು ಇದ್ದೇ ಇರುತ್ತದೆ. ನಾವೂ ತಿರುಗಿಸಿ ಗುಣಿಸು ಅಂತಲೇ ಮುಂದೆ ಹೋಗುತ್ತೇವೆ, ಪೋರ್ಷನ್ ಮುಗಿಯಬೇಕಲ್ಲ. ದೊಡ್ಡವಳಾದ ತಾಯೆಕೊ ಹೇಳುವುದು, ಭಿನ್ನರಾಶಿಯನ್ನು ಸಲೀಸಾಗಿ ತಿರುಗಿಸಿದವರ ಬದುಕೂ ಸಲೀಸಾಗಿ ಸಾಗುತ್ತದೇನೋ ಅಂತ.

ಈ ಸಿನಿಮಾದ ಪ್ರೇಮ ಅರ್ಥವಾಗುವುದು ಇಲ್ಲಿಂದಲೇ. ಊರಿನಲ್ಲಿ ತೊಶಿಯೊ ಎಂಬ ಯುವಕ ಇದ್ದಾನೆ. ಕಂಪನಿ ಕೆಲಸ ಬಿಟ್ಟು ಸಾವಯವ ಕೃಷಿಗೆ ಬಂದವನು. ಇಬ್ಬರಿಗೂ ಮಾತು ಹೊಂದುತ್ತದೆ. ಮನೆಯ ಅಜ್ಜಿ ಒಂದು ದಿನ ನೇರವಾಗಿ ಕೇಳುತ್ತಾಳೆ, ನಮ್ಮ ಹುಡುಗನನ್ನು ಮದುವೆಯಾಗಿ ಇಲ್ಲೇ ಇರಬಾರದೆ? ಅಜ್ಜಿಯದು ತಿರುಗಿಸಿ ಗುಣಿಸುವ ಲೆಕ್ಕ. ಹುಡುಗ ಒಳ್ಳೆಯವನು, ಹುಡುಗಿ ಒಳ್ಳೆಯವಳು, ಆಯಿತಲ್ಲ. ತಾಯೆಕೊಗೆ ಹಾಗಾಗುವುದಿಲ್ಲ, ಹೊರಗೆ ಓಡಿಬಿಡುತ್ತಾಳೆ. ತನಗೆ ಹಳ್ಳಿ ಇಷ್ಟ ಅನ್ನುವುದು ರಜೆಯ ಇಷ್ಟವೋ, ಬದುಕುವ ಇಷ್ಟವೋ? ಐದನೇ ತರಗತಿಯಲ್ಲಿ ಬಡವನೊಬ್ಬ ಬೆಂಚಿನ ಪಕ್ಕದಲ್ಲಿದ್ದ, ಎಲ್ಲರ ಕೈಕುಲುಕಿದ ಅವನು ತನ್ನ ಕೈ ಮಾತ್ರ ಕುಲುಕಲಿಲ್ಲ, ಯಾಕೆ? ತನ್ನ ಒಳ್ಳೆಯತನದಲ್ಲಿ ಎಷ್ಟು ನಿಜ, ಎಷ್ಟು ತೋರಿಕೆ? ಇದನ್ನೆಲ್ಲ ತೊಶಿಯೊಗೆ ಹೇಳುತ್ತಾಳೆ. ಅವನು ಕೇಳುತ್ತಾನೆ. ಅವಸರ ಮಾಡುವುದಿಲ್ಲ. ಕೊನೆಗೆ ರೈಲು ಹತ್ತಿ ಹೊರಟವಳು, ಚಿತ್ರದ ಹೆಸರುಗಳು ಬರತೊಡಗಿದ ಮೇಲೆ, ಇಳಿದು ವಾಪಸು ಬರುತ್ತಾಳೆ. ಒಂದೂ ಮಾತಿಲ್ಲ.

ಬೆಳೆದವಳು ಅವಳೇ. ಬೆಲೆ ಕಟ್ಟಿದವಳೂ ಅವಳೇ. ಬೇರೆ ಯಾರಿಗೂ ಬಿಲ್ಲು ಹೋಗಲಿಲ್ಲ. ಅದಕ್ಕೇ ಇದು ನನ್ನ ಪಟ್ಟಿಯಲ್ಲಿ ಮೇಲಿದೆ.

*

ಕೊನೆಯದು 2007ರದು, ಮಕೊತೊ ಶಿಂಕಾಯ್ ಅವರ '5 ಸೆಂಟಿಮೀಟರ್ ಪರ್ ಸೆಕೆಂಡ್'. ಚೆರ್ರಿ ಹೂವಿನ ಎಸಳು ಉದುರುವ ವೇಗ ಅದು ಅಂತ ಚಿತ್ರದಲ್ಲಿ ಹುಡುಗಿ ಹೇಳುತ್ತಾಳೆ. ಒಂದು ಗಂಟೆಯ ಸಿನಿಮಾ. ತಾಕಾಕಿ, ಅಕಾರಿ ಪ್ರಾಥಮಿಕ ಶಾಲೆಯ ಗೆಳೆಯರು. ಅವಳ ಮನೆಯವರಿಗೆ ವರ್ಗ. ಪತ್ರಗಳು. ಆಮೇಲೆ ಅವನ ಮನೆಯವರಿಗೂ ದೂರದ ಊರಿಗೆ ವರ್ಗ. ಹೋಗುವ ಮೊದಲು ಒಮ್ಮೆ ನೋಡಬೇಕು ಅಂತ ಹೊರಡುತ್ತಾನೆ. ಹಿಮ ಸುರಿದು ರೈಲು ಗಂಟೆಗಟ್ಟಲೆ ತಡ. ಕೊಡಬೇಕೆಂದು ಬರೆದ ಪತ್ರ ಗಾಳಿಗೆ ಹಾರಿಹೋಗುತ್ತದೆ. ಸಣ್ಣ ಸ್ಟೇಷನ್ನಿನಲ್ಲಿ ಬುತ್ತಿ ಕಟ್ಟಿಕೊಂಡು ಅವಳು ಕಾಯುತ್ತಲೇ ಇದ್ದಾಳೆ. ಅಲ್ಲಿಯವರೆಗೆ ಇದಕ್ಕಿಂತ ಸುಂದರ ಕಥೆ ಇಲ್ಲ.

ಆಮೇಲೆ? ಪತ್ರ ನಿಲ್ಲುತ್ತವೆ. ಈ ಹೊತ್ತಿಗೆ ಮೊಬೈಲ್ ಬಂದಿದೆ. ಇಕ್ಕೊಕುವಿನ ತಮಾಷೆಗೆ ಇಲ್ಲಿದೆ ಉತ್ತರ. ಮೊಬೈಲ್ ಕೈಯಲ್ಲೇ ಇದ್ದರೂ ತಾಕಾಕಿ ಯಾರಿಗೂ ಕಳಿಸದ ಸಂದೇಶ ಬರೆದು ಅಳಿಸುತ್ತಾನೆ. ಪಕ್ಕದಲ್ಲೇ ಪ್ರೀತಿಸುವ ಕಾನಾಎ ಎಂಬ ಹುಡುಗಿ ಅವನಿಗೆ ಕಾಣುವುದೇ ಇಲ್ಲ. ದೊಡ್ಡವನಾದ ಮೇಲೆ ಜೊತೆಗಿದ್ದ ಇನ್ನೊಬ್ಬಳಿಗೂ ಅವನು ಹತ್ತಿರವಾಗುವುದಿಲ್ಲ. ಇದು ಕಾಯುವುದಲ್ಲ, ನಿಂತುಹೋಗುವುದು. ನಮ್ಮ ಹುಡುಗರು ಇದನ್ನು ನೋಡಿ ನಿಜವಾದ ಪ್ರೀತಿ ಅಂದರೆ ಇದೇ ಅಂತ ಸ್ಟೇಟಸ್ ಹಾಕುತ್ತಾರೆ. ನಿರ್ದೇಶಕರು ಅವನನ್ನು ಹೊಗಳುತ್ತಿದ್ದಾರೆ ಅಂತ ನನಗನ್ನಿಸುವುದಿಲ್ಲ. ಅಕಾರಿ ಮುಂದೆ ನಡೆದಳು, ಅವಳು ಮೋಸ ಮಾಡಲಿಲ್ಲ. ಕೊನೆಗೆ ಅವನೂ ಸಣ್ಣಗೆ ನಕ್ಕು ನಡೆಯುತ್ತಾನೆ. ಆ ನಗುವೇ ಚಿತ್ರದ ತೀರ್ಪು.

*

ಇದನ್ನೆಲ್ಲ ಕನ್ನಡ ಶಾಲೆಯ ಮೇಷ್ಟ್ರು ಯಾಕೆ ತಲೆಗೆ ಹಚ್ಚಿಕೊಳ್ಳಬೇಕು ಅಂತ ನೀವು ಕೇಳಬಹುದು. ನಮ್ಮ ಹೈಸ್ಕೂಲು ಮಕ್ಕಳು ಪ್ರೀತಿಯ ಬಗ್ಗೆ ಯಾರ ಹತ್ತಿರ ಕಲಿಯುತ್ತಿದ್ದಾರೆ ಹೇಳಿ. ನಾವು ಶಾಲೆಯಲ್ಲಿ ಆ ಮಾತೇ ಎತ್ತುವುದಿಲ್ಲ. ಮನೆಯಲ್ಲಿ ಎತ್ತಿದರೆ ಏಟು. ಉಳಿದದ್ದು ಸಿನಿಮಾ, ಮೊಬೈಲು. ನಮ್ಮ ಸಿನಿಮಾಗಳಲ್ಲೂ ನಾಯಕ ಕಾಯುತ್ತಾನೆ. ಬಸ್ಸಿನ ಹಿಂದೆ, ಕಾಲೇಜಿನ ಗೇಟಿನ ಮುಂದೆ, ಅವಳು ಬೇಡ ಅಂದರೂ ವರ್ಷಗಟ್ಟಲೆ. ಆದರೆ ಅಲ್ಲಿ ಬದಲಾಗಬೇಕಾದವಳು ಹುಡುಗಿ. ಅವಳ ಬೇಡ ಬೇಕಾಗುವವರೆಗೆ ಅವನು ಹಿಂದೆ ಬೀಳುತ್ತಾನೆ. ಗೊದಾಯ್ ಕಾಯುವಾಗ ಬದಲಾದವನು ಗೊದಾಯ್. ಈ ಒಂದು ವ್ಯತ್ಯಾಸ ಹದಿನೈದು ವರ್ಷದ ಹುಡುಗನಿಗೆ ತಿಳಿದರೆ ಸಾಕು, ಅನಿಮೆ ನೋಡಿದ್ದು ಸಾರ್ಥಕ.

ಹುಡುಗಿಯರ ವಿಷಯ ಇನ್ನೂ ಗಂಭೀರ. ಹುಡುಗಿಗೆ ಹದಿನೆಂಟು, ಹುಡುಗನಿಗೆ ಇಪ್ಪತ್ತೊಂದು ಅಂತ 2006ರ ಕಾನೂನು ಇದೆ. ಆದರೂ ಹತ್ತನೆಯ ಪರೀಕ್ಷೆ ಮುಗಿಯುವ ಮೊದಲೇ ಹುಡುಗಿಗೆ ವರ ನೋಡುವ ಮನೆಗಳು ನಮ್ಮ ಗಡಿಯ ಹಳ್ಳಿಗಳಲ್ಲಿ ಇಲ್ಲ ಅಂತ ಹೇಳುವ ಶಿಕ್ಷಕರು ಯಾರಾದರೂ ಇದ್ದೀರಾ? ಅದಕ್ಕೆ ಹೆದರಿ ಯಾರ ಜೊತೆಗೋ ಓಡಿಹೋಗುವವರೂ ಇದ್ದಾರೆ. ಓಡಿಹೋಗುವುದೂ ಅವಸರ, ಮದುವೆ ಮಾಡಿಬಿಡುವುದೂ ಅವಸರ. ಹಿರಿಯರು, ಕಿರಿಯರು ಇಬ್ಬರೂ ಒಂದೇ ಲೆಕ್ಕ ಮಾಡುತ್ತಿದ್ದಾರೆ, ತಿರುಗಿಸಿ ಗುಣಿಸುವುದು. ತಾಯೆಕೊ 27ನೇ ವಯಸ್ಸಿನಲ್ಲಿ, ತನ್ನ ದುಡಿಮೆಯ ದುಡ್ಡಿನಲ್ಲಿ ಟಿಕೆಟ್ ತೆಗೆಸಿ, ಹೋಗಲೋ ಬೇಡವೋ ಅಂತ ಒಬ್ಬಳೇ ರೈಲಿನಲ್ಲಿ ಕೂತು ಯೋಚಿಸುತ್ತಾಳೆ. ಆ ಯೋಚನೆಗೆ ಬೇಕಾದ ಸಮಯ ಅವಳಿಗೆ ಸಿಕ್ಕಿತ್ತು. ನಮ್ಮ ಹುಡುಗಿಯರಿಗೂ ಸಿಗಬೇಕಾದದ್ದು ಅದೇ.

ಹಾಗಂತ ನಾಳೆಯೇ ತರಗತಿಯಲ್ಲಿ 96 ಕಂತು ತೋರಿಸಿ ಅನ್ನುವುದಿಲ್ಲ. ಇಕ್ಕೊಕು, ಆರೆಂಜ್ ರೋಡ್ ಮಕ್ಕಳಿಗಲ್ಲ, ದೊಡ್ಡವರು ನೋಡಲಿ. ಒಂಬತ್ತು, ಹತ್ತನೆಯವರಿಗೆ ಘಿಬ್ಲಿಯದೇ ಇನ್ನೊಂದು ಸಿನಿಮಾ ಇದೆ, 1995ರ 'ವಿಸ್ಪರ್ ಆಫ್ ದಿ ಹಾರ್ಟ್'. ನಿರ್ದೇಶಕ ಯೋಶಿಫುಮಿ ಕೊಂಡೊ. ಶಿಝುಕು ಎಂಬ ಹುಡುಗಿ ಗ್ರಂಥಾಲಯದಿಂದ ತಂದ ಪುಸ್ತಕಗಳ ಕಾರ್ಡಿನಲ್ಲೆಲ್ಲ ತನಗಿಂತ ಮೊದಲು ಒಬ್ಬನೇ ಹುಡುಗನ ಹೆಸರು ಇರುವುದನ್ನು ಕಾಣುತ್ತಾಳೆ. ಆ ಹುಡುಗನಿಗೆ ಪಿಟೀಲು ತಯಾರಿಸುವುದನ್ನು ಕಲಿಯಲು ಇಟಲಿಗೆ ಹೋಗುವ ಆಸೆ. ಅದನ್ನು ಕೇಳಿ ಇವಳು ಅಳುತ್ತಾ ಕೂರುವುದಿಲ್ಲ, ನಾನೂ ಏನಾದರೂ ಮಾಡಬೇಕು ಅಂತ ಕಥೆ ಬರೆಯಲು ಕೂರುತ್ತಾಳೆ. ಕೊನೆಯಲ್ಲಿ ಮದುವೆಯ ಮಾತು ಸ್ವಲ್ಪ ಬೇಗವೇ ಬಂತು ಅಂತ ನನ್ನ ದೂರು. ಆದರೂ ನಮ್ಮ ಶಾಲೆಯ ಗ್ರಂಥಾಲಯದ ರಿಜಿಸ್ಟರು ತೆರೆದು, ನಿಮಗಿಂತ ಮೊದಲು ಈ ಪುಸ್ತಕ ಓದಿದವರು ಯಾರು ನೋಡಿ ಅಂತ ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ನೆಪ ಸಿಗಲಾರದು.

ನೋಡಿದ ಮೇಲೆ ಎರಡೇ ಪ್ರಶ್ನೆ ಕೊಡಿ. ಯಾರು ಬೆಳೆದರು? ಬೆಲೆ ಯಾರು ಕಟ್ಟಿದರು? ಉತ್ತರ ಕನ್ನಡದಲ್ಲಿ ಬರೆಯಲಿ, ಒಂದು ಪುಟ ಸಾಕು. ಅಂಕ ಕೊಡಬೇಡಿ. ಮತ್ತೆ ಒಂದು ಮಾತು, ಒಂದೂವರೆ ಪಟ್ಟು ವೇಗ ಬೇಡ. ಕುಸುಬಿಯ ಹೊಲಕ್ಕೆ ಬೆಳಕು ಬರುವ ಆ ನಸುಕಿನ ದೃಶ್ಯ ಎಷ್ಟು ಹೊತ್ತು ಇದೆಯೋ ಅಷ್ಟು ಹೊತ್ತೂ ನೋಡಲಿ.